ಕಿಟ್ಟೆಲ್ ಮಹಾಶಯರು ಮತ್ತು ಪ್ರಾರ್ಥನಾಮಂದಿರದ ಹಾಡು

ಡಿಸೆಂಬರ್ ತಿಂಗಳ ಒಂದು ಸಂಜೆ ನಾವು ನಮ್ಮ ಶಾಲೆಯ ಕೆಲವು ವಿದ್ಯಾರ್ಥಿಗಳೊಡನೆ ಆಬಿಡ್ಸ್ ಬಳಿಯ ಸೇಂಟ್ ಜಾರ್ಜ್ ಚರ್ಚಿನ ಮುಂದೆ ನಡೆದು ಬರುತ್ತಿದ್ದೆವು. ಒಳಗಿನಿಂದ ಅನೇಕ ಕಂಠಗಳು ಒಟ್ಟಾಗಿ ಹಾಡುವ ಧ್ವನಿ ಕೇಳಿಬಂದಿತು. ಒಬ್ಬ ವಿದ್ಯಾರ್ಥಿನಿ ಅಲ್ಲಿಯೇ ನಿಂತು, ಇವರೆಲ್ಲರೂ ಬೇರೆ ಬೇರೆ ಸ್ವರದಲ್ಲಿ ಹಾಡುತ್ತಿದ್ದರೂ ಹಾಡು ಒಂದೇ ಆಗಿ ಕೇಳುವುದು ಹೇಗೆಂದೂ, ಇಂತಹ ಹಾಡು ಕನ್ನಡದಲ್ಲಿಯೂ ಉಂಟೇ ಎಂದೂ ನಮ್ಮನ್ನು ಕೇಳಿದಳು. ರಸ್ತೆಯ ಗದ್ದಲದಲ್ಲಿ ನಾವು ಕೊಟ್ಟ ಉತ್ತರ ಬಲು ಚಿಕ್ಕದಾಗಿತ್ತು. ಆ ಪ್ರಶ್ನೆಗೆ ಸಮಾಧಾನವಾಗಿ ಉತ್ತರಿಸಬೇಕೆಂಬ ಬಯಕೆಯಿಂದ ಈ ಲೇಖನವನ್ನು ಬರೆಯಲು ತೊಡಗಿದ್ದೇವೆ. ಉತ್ತರವನ್ನು ಹುಡುಕುತ್ತ ಹೋದಂತೆ ನಮಗೆ ಎದುರಾದವರು ಬೇರಾರೂ ಅಲ್ಲ, ಕನ್ನಡಿಗರೆಲ್ಲರಿಗೂ ಪರಿಚಿತರಾದ ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ ಮಹಾಶಯರು.

ಕಿಟ್ಟೆಲ್ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಅವರ ನಿಘಂಟು. ಅದು ಸಹಜವೇ ಸರಿ. ಆದರೆ ಆ ಮಹಾಗ್ರಂಥಕ್ಕಿಂತ ಬಹಳ ಮುಂಚೆಯೇ ಅವರ ಮನಸ್ಸನ್ನು ಹಿಡಿದಿದ್ದ ಇನ್ನೊಂದು ವಿಷಯವಿತ್ತು. ಪರದೇಶದಿಂದ ಬಂದ ಒಂದು ಕಥೆಯನ್ನು ಕನ್ನಡ ಕಿವಿಗೆ ಹೊಂದುವಂತೆ, ಕನ್ನಡ ನಾಲಗೆಗೆ ಒಗ್ಗುವಂತೆ ಹಾಡುವುದು ಹೇಗೆ ಎಂಬುದೇ ಆ ವಿಷಯ. ಹಾಡಿನಿಂದ ಛಂದಸ್ಸಿನ ಕಡೆಗೂ, ವ್ಯಾಕರಣದ ಕಡೆಗೂ, ಕೊನೆಗೆ ನಿಘಂಟಿನ ಕಡೆಗೂ ಸಾಗಿದ ಒಂದು ಬಾಳಿನ ಕಥೆಯಿದು.

ಜನನ ಮತ್ತು ಜನ್ಮಭೂಮಿ

ಕಿಟ್ಟೆಲ್ ಅವರು 1832ನೆಯ ಇಸವಿ ಏಪ್ರಿಲ್ 7ರಂದು ಜರ್ಮನಿಯ ವಾಯವ್ಯ ಭಾಗದಲ್ಲಿರುವ ಪೂರ್ವ ಫ್ರೀಸ್‌ಲೆಂಡ್ ಎಂಬ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ಅವರ ತಂದೆ ಅಲ್ಲಿ ಪಾದ್ರಿಗಳಾಗಿದ್ದರು. ಉತ್ತರ ಸಮುದ್ರದ ತೀರದಲ್ಲಿರುವ ಆ ಸೀಮೆ ತಗ್ಗಾದ ಬಯಲು ನಾಡು. ಗಾಳಿ, ಹುಲ್ಲುಗಾವಲು, ಇಟ್ಟಿಗೆಯಿಂದ ಕಟ್ಟಿದ ಹಳೆಯ ಚರ್ಚುಗಳು, ಇವೇ ಅಲ್ಲಿಯ ನೋಟ. ಕಣ್ಣಿಗೆ ಸಾಧಾರಣವಾದ ಈ ನಾಡು ಕಿವಿಗೆ ಮಾತ್ರ ಬಲು ಶ್ರೀಮಂತವಾದುದು. ಯೂರೋಪಿನಲ್ಲಿ ಹಳೆಯ ಆರ್ಗನ್ ವಾದ್ಯಗಳು ಅತ್ಯಂತ ಹೆಚ್ಚಾಗಿ ಉಳಿದುಬಂದಿರುವ ಪ್ರದೇಶಗಳಲ್ಲಿ ಇದೂ ಒಂದು. ರೆಸ್ಟರ್‌ಹಾಫೆಗೆ ಸಮೀಪದ ಡೋರ್ನುಮ್ ಎಂಬ ಊರಿನ ಚರ್ಚಿನಲ್ಲಿ 1711ರ ವೇಳೆಗೆ ನಿರ್ಮಿತವಾದ ದೊಡ್ಡ ಆರ್ಗನ್ ಇದೆ. ನಾರ್ಡನ್ ಎಂಬ ಪಟ್ಟಣದಲ್ಲಿ ಆರ್ಪ್ ಶ್ನಿಟ್‌ಗರ್ ಎಂಬ ಸುಪ್ರಸಿದ್ಧ ಶಿಲ್ಪಿ 1692ರ ಸುಮಾರಿಗೆ ಪೂರೈಸಿದ ಆರ್ಗನ್ ಇಂದಿಗೂ ನುಡಿಯುತ್ತಿದೆ. ಇಂತಹ ನಾಡಿನಲ್ಲಿ, ಪಾದ್ರಿಗಳ ಮನೆಯಲ್ಲಿ ಹುಟ್ಟಿದ ಬಾಲಕನಿಗೆ ದೇವರ ಆರಾಧನೆಯೆಂದರೆ ಮೊದಲು ಹಾಡು, ಅನಂತರ ಮಾತು.

ಆರ್ಗನ್ ಎಂಬುದು ಎಂತಹ ವಾದ್ಯವೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು. ಒಂದು ಕೊಳಲನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಇಂತಹ ನೂರಾರು, ಕೆಲವೆಡೆ ಸಾವಿರಾರು ಕೊಳವೆಗಳನ್ನು ಒಂದು ಪೆಟ್ಟಿಗೆಯ ಮೇಲೆ ಸಾಲಾಗಿ ನಿಲ್ಲಿಸಿರುತ್ತಾರೆ. ಕೆಲವು ತವರ ಮತ್ತು ಸೀಸ ಬೆರೆತ ಲೋಹದವು, ಕೆಲವು ಮರದವು. ಕಮ್ಮಾರನ ತಿದಿಯಂತಹ ದೊಡ್ಡ ತಿದಿಗಳಿಂದ ಪೆಟ್ಟಿಗೆಯೊಳಕ್ಕೆ ಗಾಳಿಯನ್ನು ತುಂಬುತ್ತಾರೆ. ವಾದಕನು ಮಣೆಯೊಂದನ್ನು ಒತ್ತಿದೊಡನೆ ಅದಕ್ಕೆ ಸೇರಿದ ಕೊಳವೆಯ ಬಾಯಿ ತೆರೆದು, ಗಾಳಿ ನುಗ್ಗಿ ಸ್ವರ ಹೊರಡುತ್ತದೆ. ಕೊಳವೆ ಉದ್ದವಾದಷ್ಟೂ ಸ್ವರ ತಗ್ಗು. ಉದ್ದವನ್ನು ಅರ್ಧಕ್ಕೆ ಇಳಿಸಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ. ಹದಿನಾರು ಅಡಿ ಉದ್ದದ ಕೊಳವೆಗಳೂ ಉಂಟು, ಪೆನ್ಸಿಲಿಗಿಂತ ಗಿಡ್ಡವಾದವೂ ಉಂಟು. ವಾದಕನ ಎರಡು ಕೈಗಳಷ್ಟೇ ಅಲ್ಲ, ಎರಡು ಕಾಲುಗಳೂ ಬೇರೊಂದು ಸಾಲಿನ ಮಣೆಗಳ ಮೇಲೆ ಆಡುತ್ತವೆ. ವಿದ್ಯುಚ್ಛಕ್ತಿ ಬರುವ ಮುನ್ನ ವಾದಕನು ಕುಳಿತು ನುಡಿಸುತ್ತಿದ್ದರೆ, ಹಿಂದೆ ಕಣ್ಣಿಗೆ ಬೀಳದಂತೆ ಇನ್ನೊಬ್ಬನು ತಿದಿಯೊತ್ತುತ್ತಿರಬೇಕಾಗಿತ್ತು. ಹೆಸರು ಮುಂದಿನವನದು, ಉಸಿರು ಹಿಂದಿನವನದು.

ಈ ವಾದ್ಯದ ಜೊತೆಗೆ ಸೇರಿದುದೇ ಸಭೆಯ ಹಾಡು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಎಂಬ ಧರ್ಮಸುಧಾರಕರು, ಆರಾಧನೆಯ ಹಾಡು ಕೆಲವರ ಸೊತ್ತಾಗಿರದೆ ಎಲ್ಲ ಜನರ ಬಾಯಲ್ಲಿ ಅವರವರ ತಾಯ್ನುಡಿಯಲ್ಲಿಯೇ ಇರಬೇಕೆಂದು ಬಯಸಿದರು. 1524ರಲ್ಲಿ ಜರ್ಮನ್ ಭಾಷೆಯ ಸ್ತೋತ್ರಗೀತೆಗಳ ಮೊದಲ ಪುಸ್ತಕಗಳು ಅಚ್ಚಾದವು. ರೈತನೂ ಬಡಗಿಯೂ ಹಾಡಬಲ್ಲಂತಹ ಸರಳ ಮಟ್ಟುಗಳು ಹುಟ್ಟಿದವು. ಕಾಲಕ್ರಮದಲ್ಲಿ ಈ ಮಟ್ಟುಗಳನ್ನು ನಾಲ್ಕು ಕಂಠಗಳಿಗೆ ಹಂಚಿ ಹಾಡುವ ಪದ್ಧತಿ ಬೆಳೆಯಿತು. ಸ್ತ್ರೀಯರ ಅಥವಾ ಬಾಲಕರ ಎತ್ತರದ ಕಂಠ, ಅವರ ತಗ್ಗಿನ ಕಂಠ, ಪುರುಷರ ಎತ್ತರದ ಕಂಠ, ಅವರ ತಗ್ಗಿನ ಕಂಠ, ಹೀಗೆ ನಾಲ್ಕು. ನಮ್ಮ ಸಂಗೀತದಲ್ಲಿ ಶ್ರುತಿಯ ಮೇಲೆ ಒಂದೇ ರಾಗ ನಡೆಯುತ್ತದೆ. ಅವರ ಸಂಗೀತದಲ್ಲಿ ಒಬ್ಬರು ಷಡ್ಜವನ್ನೂ ಒಬ್ಬರು ಗಾಂಧಾರವನ್ನೂ ಒಬ್ಬರು ಪಂಚಮವನ್ನೂ ಏಕಕಾಲದಲ್ಲಿ ಹಾಡಿದರೆ ಅವು ಕೂಡಿ ಒಂದು ನಾದವಾಗುತ್ತದೆ. ನಮ್ಮ ವಿದ್ಯಾರ್ಥಿನಿ ರಸ್ತೆಯಲ್ಲಿ ನಿಂತು ಕೇಳಿದುದು ಇದನ್ನೇ.

ಕನ್ನಡ ನಾಡಿಗೆ ಆಗಮನ

ತಮ್ಮ ಸೀಮೆಯ ಔರಿಕ್ ಎಂಬ ಪಟ್ಟಣದಲ್ಲಿ ಶಾಲಾವಿದ್ಯೆಯನ್ನು ಪಡೆದ ಕಿಟ್ಟೆಲ್ ಅವರು 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಶಾಲೆಯನ್ನು ಸೇರಿದರು. 1815ರಲ್ಲಿ ಸ್ಥಾಪಿತವಾದ ಈ ಬಾಸೆಲ್ ಮಿಷನ್ನಿನ ಮೊದಲ ಬೋಧಕರು 1834ರಲ್ಲಿಯೇ ಮಂಗಳೂರಿಗೆ ಬಂದಿಳಿದಿದ್ದರು. ಕಿಟ್ಟೆಲ್ ಅವರು ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳಲ್ಲಿ ಪರಿಶ್ರಮವನ್ನು ಪಡೆದು, 1853ರಲ್ಲಿ ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಇವು ಅವರು ಮುಖ್ಯವಾಗಿ ದುಡಿದ ಊರುಗಳು.

ಅವರು ಬರುವ ವೇಳೆಗೆ ಕನ್ನಡದಲ್ಲಿ ಕ್ರೈಸ್ತ ಸ್ತೋತ್ರಗೀತೆಗಳು ಇರಲಿಲ್ಲವೆಂದಲ್ಲ. ಹರ್ಮನ್ ಮೋಗ್ಲಿಂಗ್ ಮತ್ತು ಗಾಟ್‌ಫ್ರೀಡ್ ವೈಗ್ಲೆ ಎಂಬ ಹಿರಿಯರು ಆ ಕೆಲಸಕ್ಕೆ ಕೈಹಾಕಿದ್ದರು. ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೆಗಳಿಗೆ ನಾಂದಿ ಹಾಡಿದವರು, 1850ರಲ್ಲಿ ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದವರೂ ಅವರೇ. ಇಂತಹವರು ದಾರಿಯನ್ನು ತೆರೆದಿದ್ದರೂ, ಸಭೆಯ ಹಾಡಿನಲ್ಲಿ ಒಂದು ತೊಡಕು ಉಳಿದೇ ಇತ್ತು. ಜರ್ಮನ್ ಮಟ್ಟಿಗೆ ಕನ್ನಡ ಮಾತುಗಳನ್ನು ಹೊಂದಿಸುವ ತೊಡಕು ಅದು.

ತೊಡಕೇನೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಜರ್ಮನ್ ಪದ್ಯ ನಡೆಯುವುದು ಮುಖ್ಯವಾಗಿ ಒತ್ತಿನ ಮೇಲೆ; ಯಾವ ಅಕ್ಷರವನ್ನು ಒತ್ತಿ ನುಡಿಯಬೇಕು, ಯಾವುದನ್ನು ಹಗುರವಾಗಿ ನುಡಿಯಬೇಕು ಎಂಬುದೇ ಅಲ್ಲಿಯ ಲೆಕ್ಕ. ಕನ್ನಡ ಪದ್ಯ ನಡೆಯುವುದು ಲಘುಗುರುಗಳ ಮೇಲೆ, ಮಾತ್ರೆಗಳ ಮೇಲೆ. ನಮ್ಮಲ್ಲಿ ಸ್ವರವನ್ನು ಎಳೆದರೆ ಅರ್ಥವೇ ಬೇರೆಯಾಗುತ್ತದೆ. ದೇವರ ಬಲವನ್ನು ಹೊಗಳುವ ಒಂದು ಸಾಲನ್ನು ಪರದೇಶದ ಮಟ್ಟಿಗೆ ಹೊಂದಿಸಿದ್ದಾರೆಂದು ಭಾವಿಸಿರಿ. ಆ ಮಟ್ಟಿನ ದೀರ್ಘಸ್ವರವೊಂದು ಮೊದಲ ಅಕ್ಷರದ ಮೇಲೆ ಬಿದ್ದರೆ ಬಲ ಎಂಬುದು ಬಾಲವಾಗುತ್ತದೆ! ಭಕ್ತಿಯಿಂದ ಹಾಡುವವನು ನಗೆಗೀಡಾಗುತ್ತಾನೆ. ಪ್ರಾಸದ ಸ್ಥಾನವೂ ಬೇರೆ. ಅವರಿಗೆ ಸಾಲಿನ ಕೊನೆಯಲ್ಲಿ ಪ್ರಾಸ, ನಮ್ಮ ಹಳೆಯ ಪದ್ಯಗಳಲ್ಲಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ಇನ್ನು ನಮ್ಮ ಭಾಮಿನಿ ಷಟ್ಪದಿಯನ್ನೇ ನೋಡಿರಿ. ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ 14 ಮಾತ್ರೆಗಳು, ಮೂರು ಮತ್ತು ಆರನೆಯ ಪಾದಗಳಲ್ಲಿ 23 ಮಾತ್ರೆಗಳು. ನಾಲ್ಕು ಸಾಲಿನ ಜರ್ಮನ್ ಮಟ್ಟಿನಲ್ಲಿ ಇದನ್ನು ತುಂಬಲು ಹೊರಡುವುದು ಗಾಡಿಯ ಹೊರೆಯನ್ನು ಬುಟ್ಟಿಯಲ್ಲಿ ತುಂಬಿದಂತೆ.

ಕಿಟ್ಟೆಲ್ ಅವರ ಮಾರ್ಗ

ಈ ತೊಡಕನ್ನು ಕಂಡು ಕಿಟ್ಟೆಲ್ ಅವರು ಹಿಡಿದ ಮಾರ್ಗ ವಿಶೇಷವಾದುದು. ಕನ್ನಡವನ್ನು ಎಳೆದು ಕತ್ತರಿಸಿ ಹೊರಗಿನ ಅಚ್ಚಿಗೆ ಸುರಿಯುವುದಕ್ಕೆ ಬದಲಾಗಿ, ತಮ್ಮ ವಿಷಯವನ್ನೇ ಕನ್ನಡದ ಅಚ್ಚಿಗೆ ಸುರಿಯಲು ಅವರು ನಿಶ್ಚಯಿಸಿದರು. ಈ ನಾಡಿನ ಜನರೊಡನೆ ಈ ನಾಡಿನವರಂತೆಯೇ ಆಗಿ ಬಾಳಬೇಕೆಂಬುದು ಅವರ ಹಂಬಲವಾಗಿತ್ತು. ಕುಮಾರವ್ಯಾಸನ ಭಾರತವನ್ನು ಗಮಕಿಗಳು ರಾಗವಾಗಿ ಓದುವ, ದಾಸರ ಪದಗಳನ್ನು ಹೆಂಗಸರು ಮನೆಗೆಲಸದ ನಡುವೆ ಹಾಡುವ ನಾಡು ಇದು. ಇಲ್ಲಿಯ ಜನರು ಕಥೆಯನ್ನು ಕೇಳುವುದೇ ಹಾಡಿನ ಮೂಲಕ. ಆದ್ದರಿಂದ ಹೊಸ ಕಥೆಯೂ ಹಾಡಿನ ಮೂಲಕವೇ ಬರಬೇಕಾಯಿತು.

ಇದರ ಫಲವೇ 1862ರಲ್ಲಿ ಪ್ರಕಟವಾದ ‘ಕಥಾಮಾಲೆ’. ಯೇಸುಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯರೂಪದಲ್ಲಿ, ಈ ದೇಶದ ಹಾಡಿನ ರೀತಿಯನ್ನು ಅನುಸರಿಸಿ ರಚಿಸಿದ ಕೃತಿ ಅದು. ಕನ್ನಡ ನಾಡಿಗೆ ಬಂದು ಇನ್ನೂ ಒಂಬತ್ತೇ ವರ್ಷಗಳಾಗಿದ್ದ, ಮೂವತ್ತು ವರ್ಷದ ಒಬ್ಬ ಪರದೇಶದ ತರುಣನು ಹೀಗೆ ಕನ್ನಡದಲ್ಲಿ ಕಾವ್ಯವನ್ನು ಕಟ್ಟಿದನೆಂಬುದು ಸಾಮಾನ್ಯ ಸಂಗತಿಯಲ್ಲ. ಹುಟ್ಟಿನಿಂದ ಕನ್ನಡಿಗರಾದ ನಮ್ಮಲ್ಲಿ ಎಷ್ಟು ಮಂದಿ ಲಘುಗುರುಗಳನ್ನು ತಪ್ಪಿಲ್ಲದೆ ಹಾಕಬಲ್ಲೆವು ಎಂಬುದನ್ನು ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ನಾವು ಚೆನ್ನಾಗಿ ಬಲ್ಲೆವು.

ಪದ್ಯವನ್ನು ಕಟ್ಟುವವನಿಗೆ ಪದ್ಯದ ಶಾಸ್ತ್ರ ಬೇಕು. ಕಿಟ್ಟೆಲ್ ಅವರು ಆ ಶಾಸ್ತ್ರವನ್ನು ಮೂಲದಿಂದಲೇ ಹಿಡಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ ಎಂಬ ಹಳಗನ್ನಡ ವ್ಯಾಕರಣವನ್ನು ಸಂಪಾದಿಸಿ 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಪ್ರಕಟಪಡಿಸಿದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಹೊರತಂದರು. ಓಲೆಗರಿಯ ಪ್ರತಿಗಳನ್ನು ಹುಡುಕಿ, ಒಂದರೊಡನೊಂದನ್ನು ಹೋಲಿಸಿ, ಪಾಠವನ್ನು ನಿರ್ಣಯಿಸಿ ಅಚ್ಚು ಹಾಕಿಸುವುದು ಆ ಕಾಲದಲ್ಲಿ ಎಷ್ಟು ಪ್ರಯಾಸದ ಕೆಲಸವಾಗಿತ್ತೆಂಬುದನ್ನು ಊಹಿಸಿಕೊಳ್ಳಿರಿ. ತೆಲುಗು ನೆರೆಹೊರೆಯಲ್ಲಿ ಬೆಳೆಯುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಛಂದೋಂಬುಧಿಯನ್ನು ಬರೆದ ಆ ನಾಗವರ್ಮನ ಪೂರ್ವಿಕರು ವೇಂಗಿನಾಡಿನವರು, ಎಂದರೆ ಈಗಿನ ಆಂಧ್ರ ಸೀಮೆಯವರು. ಆದಿಕವಿ ಪಂಪನ ಮನೆತನವೂ ಅಲ್ಲಿಯದೇ. ಅವನಿಗೆ ಆಶ್ರಯವನ್ನಿತ್ತ ಅರಿಕೇಸರಿಯ ರಾಜಧಾನಿ ವೇಮುಲವಾಡ ನಮ್ಮ ತೆಲಂಗಾಣದಲ್ಲಿಯೇ ಇದೆ. ಕನ್ನಡದ ಹಾಡಿನ ಶಾಸ್ತ್ರಕ್ಕೆ ಹೊರನಾಡಿನವರ ಋಣ ಬಲು ಹಳೆಯದು.

ಮನೆಯ ಮತ್ತು ಮನಸ್ಸಿನ ಕಷ್ಟಗಳು

ಇಷ್ಟೆಲ್ಲವನ್ನೂ ಓದುವಾಗ ಕಿಟ್ಟೆಲ್ ಅವರ ಬಾಳು ಸುಗಮವಾಗಿ ಸಾಗಿತೆಂದು ತಿಳಿಯಬಾರದು. 1860ರಲ್ಲಿ ಅವರು ಪೌಲೀನ್ ಐತ್ ಎಂಬ ಕನ್ಯೆಯನ್ನು ವಿವಾಹವಾದರು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. ‘ಕಥಾಮಾಲೆ’ ಅಚ್ಚಾದ ಎರಡು ವರ್ಷಗಳಿಗೆ ಬಂದೆರಗಿದ ಆಘಾತವಿದು. ಅನಂತರ 1867ರಲ್ಲಿ ಆಕೆಯ ತಂಗಿ ಯೂಲಿ ಅವರನ್ನು ಕೈಹಿಡಿದರು.

ಇನ್ನೊಂದು ಕಷ್ಟ ಕಣ್ಣಿಗೆ ಕಾಣದುದು. ಅವರನ್ನು ಇಲ್ಲಿಗೆ ಕಳುಹಿಸಿದುದು ಧರ್ಮಪ್ರಚಾರಕ್ಕಾಗಿ. ಓಲೆಗರಿಗಳ ನಡುವೆ ಕುಳಿತು ಕನ್ನಡದ ಧಾತುಗಳನ್ನೂ ಗಣಗಳನ್ನೂ ಎಣಿಸುತ್ತಿದ್ದ ಈ ಮನುಷ್ಯನು ಜೊತೆಯ ಬೋಧಕರಿಗೆ ಹೊರಗಿನವನಂತೆಯೇ ತೋರಿದನು. ಅವರ ಅಪಾರವಾದ ಜ್ಞಾನದಾಹವಾಗಲಿ, ಈ ನಾಡಿನ ಸಂಸ್ಕೃತಿಯನ್ನು ಹೊಸ ದಾರಿಯಿಂದ ಅರಿಯಬೇಕೆಂಬ ಅವರ ಹಟವಾಗಲಿ ಎಲ್ಲರಿಗೂ ಹಿಡಿಸಲಿಲ್ಲ. ಕನ್ನಡಿಗರ ನಡುವೆ ಅವರು ಪರದೇಶಿ, ತಮ್ಮವರ ನಡುವೆ ಒಂಟಿ. ಇದನ್ನು ನಾವು ಇಲ್ಲಿ ಬರೆಯುವುದು ಯಾರನ್ನೂ ದೂರುವುದಕ್ಕಾಗಿ ಅಲ್ಲ. ಧರ್ಮವನ್ನು ಸಾರಬಂದವರ ಲೆಕ್ಕವೇ ಬೇರೆ, ಭಾಷೆಗೆ ಮನಸೋತವರ ಲೆಕ್ಕವೇ ಬೇರೆ. ಒಬ್ಬನೇ ಮನುಷ್ಯನಲ್ಲಿ ಇವೆರಡೂ ಕೂಡಿದಾಗ ಅವನು ಎರಡು ಕಡೆಯೂ ಉತ್ತರ ಹೇಳಬೇಕಾಗುತ್ತದೆ. ಕಿಟ್ಟೆಲ್ ಅವರು ತಮ್ಮ ನಂಬಿಕೆಯನ್ನು ಬಿಡಲಿಲ್ಲ, ಕನ್ನಡವನ್ನೂ ಬಿಡಲಿಲ್ಲ.

ನಿಘಂಟಿನ ಮಹಾಕಾರ್ಯ

ಹಾಡಿಗೆ ಸರಿಯಾದ ಮಾತು ಬೇಕು. ಮಾತಿನ ಸರಿಯಾದ ಅರ್ಥ ಬೇಕು. 1832ರಲ್ಲಿ, ಕಿಟ್ಟೆಲ್ ಅವರು ಹುಟ್ಟಿದ ವರ್ಷದಲ್ಲಿಯೇ, ವಿಲಿಯಂ ರೀವ್ ಎಂಬ ಬೋಧಕರ ಕನ್ನಡ ಇಂಗ್ಲಿಷ್ ನಿಘಂಟು ಹೊರಬಂದಿತ್ತು. ಆದರೆ ಹಳಗನ್ನಡದಿಂದ ಆಡುಮಾತಿನವರೆಗೆ ಭಾಷೆಯನ್ನೆಲ್ಲ ತುಂಬಿಕೊಳ್ಳುವ ಕೋಶ ಇನ್ನೂ ಆಗಬೇಕಾಗಿತ್ತು. ಅದನ್ನು ಕಿಟ್ಟೆಲ್ ಅವರು ಕೈಗೆತ್ತಿಕೊಂಡರು.

1877ರಲ್ಲಿ ಅವರು ಜರ್ಮನಿಗೆ ಹಿಂದಿರುಗಿದ್ದರು. ಆದರೆ ಕನ್ನಡ ನಾಡಿನಿಂದ ದೂರ ಕುಳಿತು ಕನ್ನಡದ ಕೋಶವನ್ನು ಪೂರೈಸುವುದು ಆಗದ ಮಾತಾಗಿತ್ತು. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ಮತ್ತೆ ಕಡಲನ್ನು ದಾಟಿ ಬಂದರು. ಕನ್ನಡ ಪಂಡಿತರ ನೆರವಿನಿಂದ ಗ್ರಂಥಗಳಲ್ಲಿಯೂ ಜನರ ಬಾಯಲ್ಲಿಯೂ ಇದ್ದ ಶಬ್ದಗಳನ್ನೂ ಗಾದೆಗಳನ್ನೂ ಕೂಡಿಹಾಕಿದರು. 1892ರಲ್ಲಿ ಕೊನೆಯ ಬಾರಿಗೆ ಈ ನಾಡನ್ನು ಬಿಟ್ಟುಹೋದರು. 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಶಬ್ದಗಳ ಆ ನಿಘಂಟು ಪ್ರಕಟವಾಯಿತು.

ಈ ಕೋಶವನ್ನು ನಮ್ಮ ವಿದ್ಯಾರ್ಥಿಗಳು ಒಮ್ಮೆಯಾದರೂ ತೆರೆದು ನೋಡಬೇಕು. ಒಂದು ಕನ್ನಡ ಶಬ್ದದ ಮುಂದೆ ಅದಕ್ಕೆ ಸಂಬಂಧಿಸಿದ ತೆಲುಗು, ತಮಿಳು, ಮಲಯಾಳ, ತುಳು ಶಬ್ದಗಳನ್ನೂ ಅಲ್ಲಲ್ಲಿ ಕೊಟ್ಟಿದ್ದಾರೆ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಆಡುವ ಈ ನಗರದ ಮಕ್ಕಳಿಗೆ, ತಾವು ಆಡುವ ಎರಡು ನುಡಿಗಳು ಅಕ್ಕತಂಗಿಯರೆಂಬುದು ಅಲ್ಲಿ ಪುಟಪುಟಕ್ಕೂ ತಿಳಿಯುತ್ತದೆ. ರಾಗ, ತಾಳ, ಷಟ್ಪದಿ ಎಂಬ ಶಬ್ದಗಳೂ ಅಲ್ಲಿವೆ. ಮೂವತ್ತರ ಪ್ರಾಯದಲ್ಲಿ ಹಾಡನ್ನು ಕಟ್ಟಿದ ಕೈಯೇ ಅರವತ್ತರ ಪ್ರಾಯದಲ್ಲಿ ಆ ಶಬ್ದಗಳಿಗೆ ಅರ್ಥವನ್ನು ಬರೆಯಿತು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತು ಸನ್ಮಾನಿಸಿತು. ಆಗಲೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂದಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ, ಕ್ರಿಸ್ತಜಯಂತಿಗೆ ಕೆಲವೇ ದಿನಗಳ ಮುಂಚೆ, ಟ್ಯೂಬಿಂಗನ್ನಿನಲ್ಲಿ ಅವರು ದೈವಾಧೀನರಾದರು. ಆಗ ಅವರಿಗೆ ಎಪ್ಪತ್ತೊಂದು ವರ್ಷ.

ಆರ್ಗನ್ನಿನಿಂದ ಹಾರ್ಮೋನಿಯಮ್ಮಿಗೆ

ಕಿಟ್ಟೆಲ್ ಅವರು ಹುಟ್ಟಿದ ಸೀಮೆಯ ಆ ದೊಡ್ಡ ಆರ್ಗನ್ ಕನ್ನಡ ನಾಡಿಗೆ ಬಂದಿತೇ ಎಂದು ನಮ್ಮ ವಿದ್ಯಾರ್ಥಿಗಳು ಕೇಳಬಹುದು. ಕೆಲವೆಡೆ ಬಂದಿತು. ಬೆಂಗಳೂರಿನ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಪೀಟರ್ ಕಾನಕರ್ ಸಂಸ್ಥೆಯವರು 1881ರಲ್ಲಿ ನಿರ್ಮಿಸಿದ ಕೊಳವೆಯ ಆರ್ಗನ್ ಇದೆ. ಆದರೆ ಅಂತಹ ವಾದ್ಯವನ್ನು ಹಡಗಿನಲ್ಲಿ ತರಿಸುವ ವೆಚ್ಚ ಹೆಚ್ಚು. ಮಳೆಗಾಲದ ತೇವದಲ್ಲಿ ಮರ ಉಬ್ಬುತ್ತದೆ, ತಿದಿಯ ತೊಗಲು ಕೆಡುತ್ತದೆ, ಗೆದ್ದಲಿನ ಭಯವೂ ಉಂಟು. ಹಳ್ಳಿಯ ಸಣ್ಣ ಸಭೆಗಳಿಗೆ ಅದು ಎಟುಕುವಂತಹುದಲ್ಲ.

ಆ ಸ್ಥಾನವನ್ನು ತುಂಬಿದುದು ಹಾರ್ಮೋನಿಯಂ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬ್ಯಾನ್ ಎಂಬವರು ಇದಕ್ಕೆ ಹಕ್ಕುಪತ್ರವನ್ನು ಪಡೆದರು. ಇದರಲ್ಲಿ ಕೊಳವೆಗಳಿಲ್ಲ, ಗಾಳಿಯಿಂದ ಅದುರುವ ಹಿತ್ತಾಳೆಯ ಸಣ್ಣ ಪಟ್ಟಿಗಳೇ ಸ್ವರವನ್ನು ಹೊರಡಿಸುತ್ತವೆ. ಕಾಲಿನಿಂದ ತಿದಿಯನ್ನು ಒತ್ತಿ ನುಡಿಸುವ ಈ ಪೆಟ್ಟಿಗೆ ಪಾದ್ರಿಗಳ ಜೊತೆಯಲ್ಲಿ ಭಾರತದ ಚರ್ಚುಗಳಿಗೆ ಬಂದಿತು. 1875ರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದು ಕೈಯಿಂದ ನುಡಿಸುವಂತೆ ಅದನ್ನು ಮಾರ್ಪಡಿಸಿದರು. ಅಲ್ಲಿಂದ ಮುಂದೆ ಅದು ಚರ್ಚಿನ ಹೊಸ್ತಿಲನ್ನು ದಾಟಿ ಭಜನಾಮಂದಿರಕ್ಕೂ ಕೀರ್ತನಕಾರರ ಸಭೆಗೂ ಕಂಪನಿ ನಾಟಕಗಳಿಗೂ ನಡೆಯಿತು. ನಾಟಕದ ರಂಗದಲ್ಲಿ ಕಾಲಿನ ಪೆಟ್ಟಿಗೆಯು ಲೆಗ್ ಹಾರ್ಮೋನಿಯಂ ಎಂಬ ಹೆಸರಿನಿಂದಲೇ ಖ್ಯಾತವಾಯಿತು. ನಿಂತ ಸ್ವರಗಳ ಈ ವಾದ್ಯಕ್ಕೆ ನಮ್ಮ ರಾಗಗಳ ಗಮಕ ಬಾರದೆಂದು ಆಕ್ಷೇಪಿಸಿ ಆಕಾಶವಾಣಿಯು 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿದ್ದೂ ಉಂಟು. ಹೀಗಿದ್ದರೂ ಇಂದು ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವವರಲ್ಲಿ ಯಾರೂ ಅದನ್ನು ಪರದೇಶದ ವಾದ್ಯವೆಂದು ಎಣಿಸುವುದಿಲ್ಲ. ಕಿಟ್ಟೆಲ್ ಅವರು ಹಾಡಿನಲ್ಲಿ ಮಾಡಹೊರಟುದು ಇಂತಹುದನ್ನೇ: ಹೊರಗಿನಿಂದ ಬಂದುದು ಒಳಗಿನದಾಗಬೇಕು, ಆದರೆ ಒಳಗಿನದು ಮುರಿಯಬಾರದು.

ಧಾರವಾಡ, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಬಾಸೆಲ್ ಮಿಷನ್ ಸ್ಥಾಪಿಸಿದ ಸಭೆಗಳು ಈಗ ದಕ್ಷಿಣ ಭಾರತ ಸಭೆಗೆ ಸೇರಿವೆ. ಅಲ್ಲಿಯ ಕನ್ನಡ ಆರಾಧನೆಯಲ್ಲಿ ಪಾಶ್ಚಾತ್ಯ ಮಟ್ಟಿನ ಸ್ತೋತ್ರಗಳೂ ಈ ದೇಶದ ಮಟ್ಟಿನ ಕೀರ್ತನೆಗಳೂ ಅಕ್ಕಪಕ್ಕದಲ್ಲಿ ನಡೆಯುತ್ತವೆ. ಆದುದರಿಂದ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಷ್ಟು: ಉಂಟು, ಕನ್ನಡದಲ್ಲಿಯೂ ಅಂತಹ ಹಾಡು ಉಂಟು, ಅದನ್ನು ಕನ್ನಡದ್ದಾಗಿಯೇ ಮಾಡಲು ಹೆಣಗಿದ ಮಹನೀಯರೂ ಉಂಟು.

ನಮ್ಮ ವಿದ್ಯಾರ್ಥಿಗಳಿಗೆ

ಪ್ರಿಯ ವಿದ್ಯಾರ್ಥಿಗಳೇ, ನಾವೂ ನಿಮ್ಮ ತಂದೆತಾಯಿಗಳಂತೆಯೇ ಊರನ್ನು ಬಿಟ್ಟು ಈ ನಗರಕ್ಕೆ ಬಂದವರು. ಮೊದಲ ದಿನಗಳಲ್ಲಿ ಇಲ್ಲಿಯ ಮಾರುಕಟ್ಟೆಯಲ್ಲಿ ನಿಂತು, ನಾವು ಆಡುವ ಮಾತು ಯಾರಿಗೂ ಬೇಡವೆಂಬಂತೆ ಅನ್ನಿಸಿ ಕುಗ್ಗಿದುದುಂಟು. ಕನ್ನಡ ಮಾಧ್ಯಮದಲ್ಲಿ ಓದಿ ಪ್ರಯೋಜನವೇನೆಂದು ನೆರೆಯವರು ಕೇಳಿದಾಗ ನಿಮ್ಮಲ್ಲಿ ಕೆಲವರು ತಲೆತಗ್ಗಿಸಿ ಬಂದು ನಮ್ಮ ಮುಂದೆ ಹೇಳಿದುದೂ ಉಂಟು. ಅಂತಹ ಹೊತ್ತಿನಲ್ಲಿ ನಾವು ಕಿಟ್ಟೆಲ್ ಅವರನ್ನು ನೆನೆಯುತ್ತೇವೆ. ಅವರಿಗೆ ಕನ್ನಡ ತಾಯ ಮಡಿಲಿನಿಂದ ಬಂದುದಲ್ಲ. ಅದರಿಂದ ಅವರಿಗೆ ಸಂಪತ್ತು ಬರಲಿಲ್ಲ. ತಮ್ಮವರ ನಡುವೆ ಒಂಟಿತನವೇ ಬಂದಿತು. ಆದರೂ ಕನ್ನಡದ ಒಂದೊಂದು ಲಘುವನ್ನೂ ಒಂದೊಂದು ಗುರುವನ್ನೂ ಅಳೆದು, ಅದು ಕೆಡದಂತೆ ಹಾಡಿದರು.

ಅವರ ಧರ್ಮ ನಮ್ಮಲ್ಲಿ ಕೆಲವರ ಧರ್ಮ, ಅನೇಕರ ಧರ್ಮವಲ್ಲ. ಅವರು ಬಂದ ಉದ್ದೇಶವನ್ನು ಎಲ್ಲರೂ ಒಪ್ಪಬೇಕೆಂದೂ ಇಲ್ಲ. ಆದರೆ ಒಂದು ನುಡಿಯನ್ನು ಗೌರವಿಸುವುದೆಂದರೆ ಏನೆಂಬುದನ್ನು ಅವರಿಂದ ಕಲಿಯಲು ಯಾವ ಅಡ್ಡಿಯೂ ಇಲ್ಲ. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ನಮ್ಮಿಂದ ಪ್ರತಿಮೆಯನ್ನು ನಿಲ್ಲಿಸಲಾಗದು. ಮುಂದಿನ ವರ್ಷ ಶಾಲೆಯ ಪ್ರಾರ್ಥನೆಯಲ್ಲಿ ಕನ್ನಡದ ಹಾಡನ್ನು ಹಾಡುವಾಗ ಹ್ರಸ್ವವನ್ನು ಹ್ರಸ್ವವಾಗಿ, ದೀರ್ಘವನ್ನು ದೀರ್ಘವಾಗಿ ಹಾಡೋಣ. ಅಷ್ಟಾದರೂ ನಮ್ಮಿಂದ ಆಗಬೇಕು.